ತುಮಕೂರಿನ ಬೇಸಿಗೆಯಲ್ಲೂ ಕೈಕೊಡದ ಹಾಗೆ ಪ್ರೊಸೆಸರ್ ಓವರ್‌ಕ್ಲಾಕ್ ಮಾಡುವುದು ಹೇಗೆ?

“ಓವರ್‌ಕ್ಲಾಕ್ ಮಾಡಿದ್ರೆ ಪ್ರೊಸೆಸರ್ ಸುಟ್ಟುಹೋಗುತ್ತಾ?” “ಎಷ್ಟು ವೋಲ್ಟೇಜ್ ಇಡ್ಬೇಕು, ನಂಬರ್ ಹೇಳಿ.” ತುಮಕೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು, ತಿಪಟೂರು, ಶಿರಾ ಕಡೆ ಮದುವೆ ವಿಡಿಯೋ ಎಡಿಟ್ ಮಾಡುವವರು ಮತ್ತೆ ಮತ್ತೆ ಕೇಳುವುದು ಇವೆರಡನ್ನೇ. ಓವರ್‌ಕ್ಲಾಕ್ ಅಂದರೆ ಕಂಪನಿ ಇಟ್ಟ ವೇಗಕ್ಕಿಂತ ಜಾಸ್ತಿ ವೇಗದಲ್ಲಿ ಪ್ರೊಸೆಸರ್ ಓಡಿಸುವುದು.

ಮೊದಲನೆಯದಕ್ಕೆ ಉತ್ತರ ಸುಲಭ. ಈಗಿನ ಪ್ರೊಸೆಸರ್‌ಗಳು ಬಿಸಿ ಮಿತಿ ಮುಟ್ಟಿದರೆ ತಾವೇ ವೇಗ ಇಳಿಸಿಕೊಳ್ಳುತ್ತವೆ. ಅದಕ್ಕೂ ಬಗ್ಗದಿದ್ದರೆ ಸಿಸ್ಟಂ ಆಫ್ ಆಗುತ್ತದೆ. ಹಾಗಾಗಿ ಬರೀ ಬಿಸಿಯಿಂದ ಸುಟ್ಟುಹೋಗುವುದು ಅಪರೂಪ. ಚಿಪ್ಪನ್ನು ನಿಜವಾಗಿ ಹಾಳು ಮಾಡುವುದು ಜಾಸ್ತಿ ವೋಲ್ಟೇಜ್. ಇನ್ನು ಎರಡನೇ ಪ್ರಶ್ನೆ. ಎಲ್ಲರಿಗೂ ಹೊಂದುವ ಒಂದು ನಂಬರ್ ಇಲ್ಲ. ಒಂದೇ ಮಾಡೆಲ್‌ನ, ಒಂದೇ ದಿನ ಕೊಂಡ ಎರಡು ಪ್ರೊಸೆಸರ್ ಕೂಡ ಒಂದೇ ಥರ ಓಡುವುದಿಲ್ಲ. ಯಾರದೋ ವಿಡಿಯೋ ನೋಡಿ ಅವರ ಸೆಟ್ಟಿಂಗ್ ಹಾಗೇ ಹಾಕಿಕೊಳ್ಳಬೇಡಿ. ನಿಮ್ಮ ಚಿಪ್ಪಿನ ನಂಬರ್ ನೀವೇ ಹುಡುಕಬೇಕು. ಹುಡುಕುವ ದಾರಿಯನ್ನು ಇಲ್ಲಿ ಹೇಳುತ್ತೇನೆ.

ಮೊದಲು ಲೆಕ್ಕ ಅರ್ಥವಾಗಲಿ

ಪ್ರೊಸೆಸರ್ ವೇಗ ಎಂದರೆ ಎರಡು ಸಂಖ್ಯೆಗಳ ಗುಣಾಕಾರ. ಒಂದು ಬೇಸ್ ಕ್ಲಾಕ್, ಅದು 100 ಮೆಗಾಹರ್ಟ್ಸ್. ಇನ್ನೊಂದು ಮಲ್ಟಿಪ್ಲೈಯರ್, ಅಂದರೆ ಆ 100ನ್ನು ಎಷ್ಟರಿಂದ ಗುಣಿಸಬೇಕು ಎಂಬುದು. ಮಲ್ಟಿಪ್ಲೈಯರ್ 45 ಇದ್ದರೆ 4500 ಮೆಗಾಹರ್ಟ್ಸ್, ಅಂದರೆ 4.5 ಗಿಗಾಹರ್ಟ್ಸ್. ಓವರ್‌ಕ್ಲಾಕ್ ಮಾಡುವಾಗ ನಾವು ಏರಿಸುವುದು ಈ ಮಲ್ಟಿಪ್ಲೈಯರನ್ನು. ಬೇಸ್ ಕ್ಲಾಕ್ ಮುಟ್ಟಬೇಡಿ. ಅದರ ಜೊತೆ ಬೇರೆ ಭಾಗಗಳ ವೇಗವೂ ಅಲ್ಲಾಡಬಹುದು.

ವೇಗ ಏರಿದಾಗ ಅದನ್ನು ತಾಳಿಕೊಳ್ಳಲು ಚಿಪ್ಪಿಗೆ ಸ್ವಲ್ಪ ಜಾಸ್ತಿ ವೋಲ್ಟೇಜ್ ಬೇಕಾಗುತ್ತದೆ. ತೊಂದರೆ ಶುರುವಾಗುವುದು ಇಲ್ಲೇ. ವೇಗ ಏರಿದಷ್ಟೇ ಪ್ರಮಾಣದಲ್ಲಿ ವಿದ್ಯುತ್ ಬಳಕೆ ಏರುತ್ತದೆ, ಆದರೆ ವೋಲ್ಟೇಜ್ ಏರಿದರೆ ಅದರ ವರ್ಗದಷ್ಟು ಏರುತ್ತದೆ. ವೇಗ 5 ಶೇಕಡಾ, ವೋಲ್ಟೇಜ್ 8 ಶೇಕಡಾ ಏರಿಸಿದಿರಿ ಅನ್ನಿ. 1.05ನ್ನು 1.08ರಿಂದ ಎರಡು ಸಲ ಗುಣಿಸಿ. 1.22 ಬರುತ್ತದೆ. 100 ವ್ಯಾಟ್ ಬಳಸುತ್ತಿದ್ದ ಪ್ರೊಸೆಸರ್ ಈಗ 122 ವ್ಯಾಟ್ ಬಳಸುತ್ತದೆ. ಅಷ್ಟೂ ಬಿಸಿಯಾಗಿ ಹೊರಗೆ ಬರಬೇಕು. 5 ಶೇಕಡಾ ವೇಗಕ್ಕೆ 22 ಶೇಕಡಾ ಬಿಸಿ. ಅದಕ್ಕೇ ವೋಲ್ಟೇಜ್ ಏರಿಸುವುದು ಕೊನೆಯ ಉಪಾಯ.

ಇದಕ್ಕೆ ನಮ್ಮ ಜಿಲ್ಲೆಯ ಹವೆ ಸೇರಿಸಿ. ಯಾವ ಫ್ಯಾನ್ ಕೂಲರ್ ಕೂಡ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಕೋಣೆ 10 ಡಿಗ್ರಿ ಏರಿದರೆ ಪ್ರೊಸೆಸರ್ ಕೂಡ ಹತ್ತಿರ ಹತ್ತಿರ 10 ಡಿಗ್ರಿ ಏರುತ್ತದೆ. ಏಪ್ರಿಲ್ ಮಧ್ಯಾಹ್ನ ತುಮಕೂರಿನಲ್ಲಿ 35 ಡಿಗ್ರಿ ದಾಟುವುದು ಮಾಮೂಲಿ, ಪಾವಗಡದ ಕಡೆ ಇನ್ನೂ ಜಾಸ್ತಿ. ಶೀಟ್ ಮನೆ ಅಥವಾ ಮೇಲಿನ ಮಹಡಿಯ ಕೋಣೆ ಆದರೆ ಕೇಳಲೇ ಬೇಡಿ. ಡಿಸೆಂಬರ್ ರಾತ್ರಿ ಪರೀಕ್ಷೆ ಮಾಡಿ ಪಾಸಾದ ಸೆಟ್ಟಿಂಗ್ ಏಪ್ರಿಲ್‌ನಲ್ಲಿ ಹ್ಯಾಂಗ್ ಆಗುವುದು ಇದರಿಂದಲೇ.

ಅದಕ್ಕೆ ನಾನು ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಬೇಸಿಗೆಯಲ್ಲಿ ಕೋಣೆ 38 ಡಿಗ್ರಿ ಆಗುತ್ತದೆ ಎಂದುಕೊಳ್ಳಿ. ಆಗಲೂ ಪ್ರೊಸೆಸರ್ 85 ಡಿಗ್ರಿ ದಾಟಬಾರದು. ಈಗ ನಿಮ್ಮ ಕೋಣೆ 24 ಡಿಗ್ರಿ ಇದ್ದರೆ ವ್ಯತ್ಯಾಸ 14. 85ರಲ್ಲಿ 14 ಕಳೆಯಿರಿ. ಇವತ್ತಿನ ಪರೀಕ್ಷೆಯಲ್ಲಿ ನಿಮ್ಮ ಮಿತಿ 71 ಡಿಗ್ರಿ. ಗೋಡೆಗೆ ನೇತುಹಾಕುವ ಸಾಮಾನ್ಯ ಥರ್ಮಾಮೀಟರ್ ಒಂದನ್ನು ಕಂಪ್ಯೂಟರ್ ಪಕ್ಕ ಇಟ್ಟುಕೊಳ್ಳಿ. ಈ ಕೆಲಸಕ್ಕೆ ಅದು ಬೇಕೇ ಬೇಕು.

ಹಂತ 1: ನಿಮ್ಮ ಸಿಸ್ಟಂ ಇದಕ್ಕೆ ಒಪ್ಪುತ್ತಾ?

ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಕೆ’ ಅಕ್ಷರ ಇರುವ ಪ್ರೊಸೆಸರ್ ಬೇಕು. ಐ5-12600ಕೆ, ಐ5-13600ಕೆ ಥರದವು. ‘ಕೆಎಫ್’ ಆದರೂ ಸರಿ. ಬೋರ್ಡು, ಅಂದರೆ ಮದರ್‌ಬೋರ್ಡು, ‘ಝಡ್’ ಸರಣಿಯದಾಗಿರಬೇಕು, ಝಡ್690 ಅಥವಾ ಝಡ್790. ಬಿ660, ಬಿ760 ಬೋರ್ಡುಗಳಲ್ಲಿ ರ‍್ಯಾಮ್ ವೇಗ ಏರಿಸಬಹುದು, ಪ್ರೊಸೆಸರ್ ಮಲ್ಟಿಪ್ಲೈಯರ್ ಏರಿಸಲು ಆಗುವುದಿಲ್ಲ. ‘ಕೆ’ ಪ್ರೊಸೆಸರ್‌ಗೆ ಜಾಸ್ತಿ ದುಡ್ಡು ಕೊಟ್ಟು ಬಿ760 ಬೋರ್ಡು ತಂದು, ಆಮೇಲೆ ಕೇಳುವವರು ತುಂಬಾ ಜನ. ಬೆಂಗಳೂರಿನ ಎಸ್.ಪಿ. ರೋಡ್‌ನ ಕಂಪ್ಯೂಟರ್ ಅಂಗಡಿಗಳಿಗೆ ಹೋಗುವ ಮುಂಚೆಯೇ ಇದನ್ನು ನೋಡಿಕೊಳ್ಳಿ.

ಎಎಂಡಿ ರೈಜನ್‌ನಲ್ಲಿ ಹೆಚ್ಚಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಲಾಕ್ ಇಲ್ಲದವೇ. ಬೋರ್ಡು ಬಿ450, ಬಿ550, ಬಿ650 ಅಥವಾ ‘ಎಕ್ಸ್’ ಸರಣಿಯದಿರಬೇಕು. ಎ320, ಎ520, ಎ620 ಬೋರ್ಡುಗಳಲ್ಲಿ ಆಗುವುದಿಲ್ಲ. 5800ಎಕ್ಸ್3ಡಿ ಲಾಕ್ ಆಗಿಯೇ ಬರುತ್ತದೆ. 7800ಎಕ್ಸ್3ಡಿಯಲ್ಲಿ ಮಲ್ಟಿಪ್ಲೈಯರ್ ಏರಿಸಲಾಗದು, ಆದರೆ ಕೆಳಗೆ ಹೇಳುವ ಕರ್ವ್ ಆಪ್ಟಿಮೈಸರ್ ನಡೆಯುತ್ತದೆ.

ಬೋರ್ಡಿನಲ್ಲಿ ಪ್ರೊಸೆಸರ್ ಸಾಕೆಟ್ ಸುತ್ತ ಲೋಹದ ಹೀಟ್‌ಸಿಂಕ್ ಇದೆಯಾ ನೋಡಿ. ಅದರ ಕೆಳಗಿರುವುದು ವಿಆರ್‌ಎಂ, ಅಂದರೆ ಎಸ್‌ಎಂಪಿಎಸ್‌ನಿಂದ (ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ ಡಬ್ಬಿಯಿಂದ) ಬರುವ 12 ವೋಲ್ಟನ್ನು ಪ್ರೊಸೆಸರ್‌ಗೆ ಬೇಕಾದ ಸುಮಾರು 1 ವೋಲ್ಟಿಗೆ ಇಳಿಸುವ ಭಾಗ. ಹೀಟ್‌ಸಿಂಕ್ ಇಲ್ಲದ ಬೋರ್ಡಿನಲ್ಲಿ ಇದಕ್ಕೆ ಕೈ ಹಾಕಬೇಡಿ. ಲ್ಯಾಪ್‌ಟಾಪ್‌ನಲ್ಲಂತೂ ಬೇಡವೇ ಬೇಡ.

ಇನ್ನೊಂದು ಮಾತು. ಓವರ್‌ಕ್ಲಾಕ್‌ನಿಂದ ಆದ ಹಾನಿಗೆ ಇಂಟೆಲ್ ಆಗಲಿ ಎಎಂಡಿ ಆಗಲಿ ವಾರಂಟಿ ಕೊಡುವುದಿಲ್ಲ. ಅಪ್ಪ ಅಮ್ಮ ಸಾಲ ಮಾಡಿ ಕೊಡಿಸಿದ ಒಂದೇ ಕಂಪ್ಯೂಟರ್ ಇದ್ದರೆ, ವಾರಂಟಿ ಮುಗಿಯುವವರೆಗೆ ಹಂತ 3ರ ತನಕ ಮಾತ್ರ ಮಾಡಿ. ಅಷ್ಟರಿಂದಲೇ ಎಷ್ಟೋ ಲಾಭ ಇದೆ.

ಹಂತ 2: ಕರೆಂಟು

ಪ್ರೊಸೆಸರ್‌ಗೆ ಕೊಡುವ ವೋಲ್ಟೇಜ್ ಸ್ಥಿರವಾಗಿರಬೇಕಾದರೆ ಎಸ್‌ಎಂಪಿಎಸ್ ಒಳ್ಳೆಯದಿರಬೇಕು. ಕ್ಯಾಬಿನೆಟ್ ಜೊತೆ ಉಚಿತವಾಗಿ ಬಂದ ಹೆಸರಿಲ್ಲದ ಎಸ್‌ಎಂಪಿಎಸ್ ಇದ್ದರೆ ಮೊದಲು ಅದನ್ನು ಬದಲಿಸಿ.

ಯುಪಿಎಸ್ ಮೇಲೆ ಬರೆದ ವಿಎ ಸಂಖ್ಯೆಯನ್ನು ವ್ಯಾಟ್ ಎಂದು ತಿಳಿಯಬೇಡಿ. 600 ವಿಎ ಯುಪಿಎಸ್‌ನಿಂದ ಸಾಮಾನ್ಯವಾಗಿ ಸಿಗುವುದು 360 ವ್ಯಾಟ್ ಅಷ್ಟೇ. ಓವರ್‌ಕ್ಲಾಕ್ ಮಾಡಿದ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಒಟ್ಟಿಗೆ ದುಡಿಯುವಾಗ ಕರೆಂಟು ಹೋದರೆ ಅದು ಕೈಬಿಡುತ್ತದೆ. ಮನೆ ಇನ್ವರ್ಟರ್ ಮೇಲೆ ಓಡಿಸುವವರಿಗೂ ಇದೇ ತೊಂದರೆ. ಕರೆಂಟು ಹೋಗಿ ಇನ್ವರ್ಟರ್ ಹಿಡಿಯುವ ಕ್ಷಣದಲ್ಲಿ ಸಿಸ್ಟಂ ರೀಸ್ಟಾರ್ಟ್ ಆದರೆ ಅದು ಓವರ್‌ಕ್ಲಾಕ್ ತಪ್ಪಲ್ಲ. ಅದನ್ನು ಸೆಟ್ಟಿಂಗ್ ತಪ್ಪು ಎಂದುಕೊಂಡು ವೋಲ್ಟೇಜ್ ಏರಿಸುತ್ತಾ ಹೋಗಬೇಡಿ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಾ? ಹಾಗಿದ್ದರೆ ಉಳಿದದ್ದೆಲ್ಲ ಆಮೇಲೆ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಸರಿಮಾಡಿಸಿ.

ಹಂತ 3: ಗಾಳಿ, ಧೂಳು, ಪೇಸ್ಟ್

ಅತಿ ಹೆಚ್ಚು ಫಲ ಕೊಡುವ ಹಂತ ಇದು. ಜನ ಹಾರಿಸಿಬಿಡುವುದೂ ಇದನ್ನೇ.

ಕಂಪ್ಯೂಟರ್ ಟೇಬಲ್‌ನ ಕೆಳಗೆ ಕ್ಯಾಬಿನೆಟ್ ಇಡಲು ಒಂದು ಮರದ ಗೂಡು ಇರುತ್ತದಲ್ಲ, ಬಾಗಿಲು ಸಮೇತ? ಅಲ್ಲಿಂದ ಹೊರಗೆ ತೆಗೆಯಿರಿ. ಹಿಂದಿನಿಂದ ಬಿಟ್ಟ ಬಿಸಿಗಾಳಿಯನ್ನೇ ಮುಂದಿನಿಂದ ಮತ್ತೆ ಎಳೆದುಕೊಳ್ಳುತ್ತಿದ್ದರೆ ಎಂಥ ಕೂಲರ್ ಹಾಕಿದರೂ ಉಪಯೋಗವಿಲ್ಲ. ಗೋಡೆಯಿಂದ ಒಂದು ಗೇಣಾದರೂ ದೂರ ಇಡಿ. ನೆಲದ ಮೇಲೆ ಬೇಡ, ಗುಡಿಸುವ ಧೂಳೆಲ್ಲ ಒಳಗೆ ಹೋಗುತ್ತದೆ. ಒಂದು ಸ್ಟೂಲ್ ಸಾಕು.

ಫ್ಯಾನ್‌ಗಳ ದಿಕ್ಕು ನೋಡಿ. ಮುಂದಿನವು ಗಾಳಿ ಒಳಗೆ ಎಳೆಯಬೇಕು, ಹಿಂದಿನದು ಮತ್ತು ಮೇಲಿನವು ಹೊರಗೆ ತಳ್ಳಬೇಕು. ಫ್ಯಾನ್‌ನ ಯಾವ ಬದಿಯಲ್ಲಿ ಮೋಟರ್ ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿಗಳು ಕಾಣುತ್ತವೋ, ಗಾಳಿ ಆ ಬದಿಗೆ ಹೋಗುತ್ತದೆ.

ಧೂಳು ತೆಗೆಯಲು ಬ್ಲೋವರ್ ಬಳಸುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಲ್ಲಿ ಹಿಡಿದುಕೊಳ್ಳಿ. ಇಲ್ಲದಿದ್ದರೆ ಅದು ಅತಿ ಜೋರಾಗಿ ಸುತ್ತಿ ಬೇರಿಂಗ್ ಹಾಳಾಗುತ್ತದೆ. ಬಿ.ಎಚ್. ರಸ್ತೆ ಬದಿ, ವಸಂತನರಸಾಪುರದ ಕಡೆ, ಕ್ರಷರ್ ಇರುವ ಊರುಗಳಲ್ಲಿ ಇರುವವರು ಪ್ರತಿ ತಿಂಗಳೂ ಕ್ಲೀನ್ ಮಾಡಿ.

ಪ್ರೊಸೆಸರ್ ಜೊತೆ ಡಬ್ಬಿಯಲ್ಲಿ ಬರುವ ಚಿಕ್ಕ ಕೂಲರ್ ಓವರ್‌ಕ್ಲಾಕ್‌ಗೆ ಸಾಲದು. 120 ಮಿಲಿಮೀಟರ್ ಫ್ಯಾನ್ ಇರುವ, ನಾಲ್ಕು ಅಥವಾ ಹೆಚ್ಚು ತಾಮ್ರದ ಕೊಳವೆಗಳಿರುವ ಟವರ್ ಕೂಲರ್ ಹಾಕಿಸಿ. ನೀರಿನ ಕೂಲರ್ ಬೇಕಾ ಎಂದು ಕೇಳುತ್ತೀರಿ. ಐ7, ಐ9 ಅಥವಾ ರೈಜನ್ 9 ಇಲ್ಲದಿದ್ದರೆ ಬೇಡ ಅನ್ನುತ್ತೇನೆ. ಅದರ ಪಂಪ್ ಕೆಡಬಹುದು. ಟವರ್ ಕೂಲರ್‌ನಲ್ಲಿ ಕೆಡುವುದು ಫ್ಯಾನ್ ಒಂದೇ, ಅದು ಎಲ್ಲಿ ಬೇಕಾದರೂ ಸಿಗುತ್ತದೆ.

ಹಳೆಯ ಕೂಲರ್ ಬಿಚ್ಚುವಾಗ ಹುಷಾರು. ಎಎಂ4 ಸಾಕೆಟ್‌ನ ರೈಜನ್‌ಗಳಲ್ಲಿ (ರೈಜನ್ 5000 ತನಕದವು) ಪಿನ್ನುಗಳು ಪ್ರೊಸೆಸರ್ ಅಡಿಯಲ್ಲೇ ಇರುತ್ತವೆ. ಬಿಸಿ ದಾಟಿಸಲು ಪ್ರೊಸೆಸರ್ ಮತ್ತು ಕೂಲರ್ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ ಅಂಟಿಕೊಂಡಿದ್ದರೆ, ನೇರ ಮೇಲಕ್ಕೆ ಎಳೆದಾಗ ಪ್ರೊಸೆಸರ್ ಕೂಡ ಕಿತ್ತು ಬಂದು ಪಿನ್ನು ಬಾಗುತ್ತದೆ. ಮೊದಲು ಹತ್ತು ನಿಮಿಷ ಸಿಸ್ಟಂ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ತೆಗೆಯಿರಿ. ಆಮೇಲೆ ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸುತ್ತಾ ಬಿಡಿಸಿ. ಹಳೆ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಇಟ್ಟಿರುತ್ತಾರೆ. ಹೊಸ ಪೇಸ್ಟ್ ಬಟಾಣಿ ಕಾಳಿನಷ್ಟು ನಡುವೆ ಹಾಕಿ. ಕೂಲರ್ ತಳದ ಪ್ಲಾಸ್ಟಿಕ್ ಸ್ಟಿಕ್ಕರ್ ತೆಗೆದಿರಾ? ಇನ್ನೊಮ್ಮೆ ನೋಡಿ. ಸ್ಕ್ರೂಗಳನ್ನು ಒಂದೇ ಕಡೆ ಪೂರ್ತಿ ಬಿಗಿಯದೆ, ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ.

ಹಂತ 4: ಬಯೋಸ್ ಅಪ್‌ಡೇಟ್

ಬಯೋಸ್ ಎಂದರೆ ವಿಂಡೋಸ್ ಶುರುವಾಗುವ ಮುಂಚೆ ಬೋರ್ಡನ್ನು ಎಚ್ಚರಿಸುವ ಪ್ರೋಗ್ರಾಂ. ಇದನ್ನು ಹೊಸದು ಮಾಡುವುದು ಈಗ ಕಡ್ಡಾಯ, ಕಾರಣವೂ ಇದೆ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಹಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಜಾಸ್ತಿ ವೋಲ್ಟೇಜ್ ಕೇಳಿ ಪಡೆದು ಕ್ರಮೇಣ ಹದಗೆಡುತ್ತಿದ್ದವು. 2024ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಇಂಟೆಲ್ ಇದಕ್ಕೆ ಪರಿಹಾರ ಬಿಟ್ಟಿತು. ಅದು ಬರುವುದು ಬಯೋಸ್ ಮೂಲಕವೇ. ರೈಜನ್ 7000 ಸರಣಿಯಲ್ಲಿ 2023ರಲ್ಲಿ ಕೆಲವು ಚಿಪ್ಪುಗಳು ಸುಟ್ಟುಹೋದ ಮೇಲೆ ಎಸ್‌ಒಸಿ ವೋಲ್ಟೇಜ್ (ಚಿಪ್ಪಿನೊಳಗೆ ರ‍್ಯಾಮ್ ನೋಡಿಕೊಳ್ಳುವಂಥ ಭಾಗಗಳಿಗೆ ಹೋಗುವುದು) 1.3 ದಾಟದಂತೆ ಎಎಂಡಿ ಮಿತಿ ಹಾಕಿತು. ಅದೂ ಬಯೋಸ್ ಮೂಲಕವೇ ಬಂತು. ಹಳೆ ಬಯೋಸ್ ಇಟ್ಟುಕೊಂಡು ಓವರ್‌ಕ್ಲಾಕ್ ಮಾಡಬೇಡಿ.

ಬೋರ್ಡು ಕಂಪನಿಯ ವೆಬ್‌ಸೈಟಿನಿಂದ ನಿಮ್ಮ ಮಾಡೆಲ್‌ನ ಫೈಲನ್ನೇ ತೆಗೆದುಕೊಂಡು, ಎಫ್‌ಎಟಿ32 ಮಾಡಿದ ಪೆನ್‌ಡ್ರೈವ್‌ಗೆ ಹಾಕಿ. ಬಯೋಸ್ ಒಳಗಿನಿಂದಲೇ ಅಪ್‌ಡೇಟ್ ಮಾಡಿ. ನಡುವೆ ಕರೆಂಟು ಹೋದರೆ ಬೋರ್ಡು ಸತ್ತಂತೆಯೇ. ಬೆಸ್ಕಾಂ ಕರೆಂಟು ತೆಗೆಯುವ ಪ್ರಕಟಣೆ ಇರುವ ದಿನ, ಗುಡುಗು ಮಳೆಯ ಸಂಜೆ ಇದನ್ನು ಮಾಡಬೇಡಿ. ಯುಪಿಎಸ್ ಇಲ್ಲದವರು ಅಷ್ಟು ಹೊತ್ತಿಗೆ ಒಂದನ್ನು ಎರವಲು ತನ್ನಿ.

ಬೋರ್ಡಿನ ಮೇಲೆ ‘ಕ್ಲಿಯರ್ ಸಿಮಾಸ್’ ಎಂಬ ಎರಡು ಪಿನ್ನುಗಳು ಎಲ್ಲಿವೆ ಎಂದು ಈಗಲೇ ಹುಡುಕಿಟ್ಟುಕೊಳ್ಳಿ. ಸೆಟ್ಟಿಂಗ್ ತಪ್ಪಾಗಿ ಸಿಸ್ಟಂ ಆನ್ ಆಗದಿದ್ದರೆ, ಪ್ಲಗ್ ತೆಗೆದು ಆ ಎರಡನ್ನೂ ಸ್ಕ್ರೂ ಡ್ರೈವರ್ ತುದಿಯಿಂದ ಕೆಲವು ಸೆಕೆಂಡ್ ಮುಟ್ಟಿಸಿದರೆ ಎಲ್ಲ ಮೊದಲಿನಂತಾಗುತ್ತದೆ. ಸುಮ್ನೆ ಗಾಬರಿಯಾಗಿ ಅಂಗಡಿಗೆ ಹೊತ್ತುಕೊಂಡು ಹೋಗಬೇಕಿಲ್ಲ.

ಆಮೇಲೆ ಎಚ್‌ಡಬ್ಲ್ಯುಇನ್ಫೋ ಮತ್ತು ಸಿನಿಬೆಂಚ್ ಆರ್23 ಹಾಕಿಕೊಳ್ಳಿ. ಎರಡೂ ಉಚಿತ. ಮೊದಲನೆಯದು ಬಿಸಿ, ವೋಲ್ಟೇಜ್, ವ್ಯಾಟ್ ತೋರಿಸುತ್ತದೆ. ಎರಡನೆಯದು ಪ್ರೊಸೆಸರನ್ನು ಪೂರ್ತಿ ದುಡಿಸಿ ಅಂಕ ಕೊಡುತ್ತದೆ. ಏನೂ ಬದಲಿಸದೆ 10 ನಿಮಿಷ ಓಡಿಸಿ, ಅಂಕ, ಬಿಸಿ, ವ್ಯಾಟ್, ಕೋಣೆಯ ಡಿಗ್ರಿ ನಾಲ್ಕನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ. ಈಗಲೇ ನಿಮ್ಮ ಲೆಕ್ಕದ ಮಿತಿ ದಾಟಿದ್ದರೆ ಮುಂದೆ ಹೋಗಬೇಡಿ, ಹಂತ 3ಕ್ಕೆ ವಾಪಸ್. (ರೈಜನ್ 7000 ಇದ್ದವರು ಮಾತ್ರ ಮೊದಲು ಹಂತ 6ರ ಕೊನೆಯ ಮಾತು ಓದಿ.)

ಹಂತ 5: ಇಂಟೆಲ್ ಇದ್ದವರಿಗೆ

ಬಯೋಸ್‌ನಲ್ಲಿ ಮೊದಲು ಎಕ್ಸ್‌ಎಂಪಿ ಆಫ್ ಮಾಡಿ. ಅದು ರ‍್ಯಾಮ್ ವೇಗ ಏರಿಸುವ ಸೆಟ್ಟಿಂಗ್. ಎರಡನ್ನೂ ಒಟ್ಟಿಗೆ ಏರಿಸಿದರೆ ಹ್ಯಾಂಗ್ ಆದಾಗ ತಪ್ಪು ಯಾರದ್ದೆಂದು ಗೊತ್ತಾಗುವುದಿಲ್ಲ.

ಈಗ ಪಿ-ಕೋರ್ ರೇಶಿಯೋ, ಅಂದರೆ ದೊಡ್ಡ ಕೋರ್‌ಗಳ ಮಲ್ಟಿಪ್ಲೈಯರ್. ಕೋರ್ ಎಂದರೆ ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಒಂದೊಂದು ಘಟಕ. 12600ಕೆಯಲ್ಲಿ ಎಲ್ಲ ಪಿ-ಕೋರ್‌ಗಳೂ ದುಡಿಯುವಾಗ ಅದು 45 ಇರುತ್ತದೆ. 46 ಮಾಡಿ. ವೋಲ್ಟೇಜ್ ಮುಟ್ಟಬೇಡಿ. ಸೇವ್ ಮಾಡಿ, ಸಿನಿಬೆಂಚ್ 10 ನಿಮಿಷ ಓಡಿಸಿ, ಬರೆದಿಡಿ. ಪಾಸಾದರೆ 47. ಒಂದು ಸಲಕ್ಕೆ ಒಂದೇ ಹೆಜ್ಜೆ, ಒಂದು ಸಲಕ್ಕೆ ಒಂದೇ ಬದಲಾವಣೆ. ಇ-ಕೋರ್‌ಗಳನ್ನು, ಅಂದರೆ ಚಿಕ್ಕ ಕೋರ್‌ಗಳನ್ನು, ಹಾಗೇ ಬಿಡಿ.

ಎಲ್ಲೋ ಒಂದು ಕಡೆ ಹ್ಯಾಂಗ್ ಆಗುತ್ತದೆ ಅಥವಾ ನೀಲಿ ಪರದೆ ಬರುತ್ತದೆ. ಬಿಸಿ ಇನ್ನೂ ಮಿತಿಯೊಳಗಿದ್ದರೆ ಮಾತ್ರ ವೋಲ್ಟೇಜ್ 0.01 ಏರಿಸಿ ನೋಡಿ. ದುಡಿಯುವಾಗ ಎಚ್‌ಡಬ್ಲ್ಯುಇನ್ಫೋದಲ್ಲಿ ಕಾಣುವ ವೋಲ್ಟೇಜ್ 1.30 ದಾಟಬಾರದು ಎಂಬುದು ನನ್ನ ನಿಲುವು. ಇನ್ನೂ ಮೇಲೆ ಹೋಗುವವರಿದ್ದಾರೆ, ಆದರೆ ನಮ್ಮ ಹವೆಯಲ್ಲಿ ವರ್ಷಗಟ್ಟಲೆ ಬಾಳಬೇಕಾದ ಸಿಸ್ಟಂಗೆ ಇಷ್ಟು ಸಾಕು. ಬಿಸಿಯೇ ಮಿತಿ ಮುಟ್ಟಿದ್ದರೆ ಒಂದು ಹೆಜ್ಜೆ ಹಿಂದೆ ಬಂದು ನಿಲ್ಲಿ.

ಲೋಡ್‌ಲೈನ್ ಕ್ಯಾಲಿಬ್ರೇಶನ್ ಎಂಬುದು ಕಾಣಿಸುತ್ತದೆ. ಪ್ರೊಸೆಸರ್ ಜೋರಾಗಿ ದುಡಿಯುವಾಗ ವೋಲ್ಟೇಜ್ ಸ್ವಲ್ಪ ಕುಸಿಯುತ್ತದೆ, ಅದನ್ನು ಎಷ್ಟು ತಡೆಯಬೇಕು ಎಂದು ಹೇಳುವ ಸೆಟ್ಟಿಂಗ್ ಅದು. ನಡುವಿನ ಹಂತದಲ್ಲಿಡಿ. ಅತಿ ಗಟ್ಟಿ ಹಂತದಲ್ಲಿಟ್ಟರೆ ಕೆಲಸ ನಿಂತ ಕ್ಷಣ ವೋಲ್ಟೇಜ್ ಮೇಲಕ್ಕೆ ಚಿಮ್ಮುತ್ತದೆ. ನಿಮ್ಮದು 13 ಅಥವಾ 14ನೇ ಪೀಳಿಗೆಯ ಐ7, ಐ9 ಆಗಿದ್ದರೆ ಇದ್ಯಾವುದೂ ಬೇಡ. ಅವು ಆಗಲೇ ತುದಿಯಲ್ಲಿ ಓಡುತ್ತಿರುತ್ತವೆ. ಇಂಟೆಲ್ ಹೇಳಿದ ಪವರ್ ಮಿತಿಯಲ್ಲೇ ಇಟ್ಟು, ಒಳ್ಳೆ ಕೂಲರ್ ಹಾಕಿ.

ಹಂತ 6: ರೈಜನ್ ಇದ್ದವರಿಗೆ

ರೈಜನ್ 5000 ಮತ್ತು ನಂತರದವರಿಗೆ ನಾನು ಮಲ್ಟಿಪ್ಲೈಯರ್ ದಾರಿ ಹೇಳುವುದಿಲ್ಲ. ಎಲ್ಲ ಕೋರ್‌ಗೂ ಒಂದೇ ವೇಗ ಕಟ್ಟಿಹಾಕಿದರೆ, ಒಂದೆರಡು ಕೋರ್ ಮಾತ್ರ ದುಡಿಯುವಾಗ ಸಿಗುತ್ತಿದ್ದ ಜಾಸ್ತಿ ವೇಗ ಕಳೆದುಹೋಗುತ್ತದೆ. ಗೇಮ್‌ಗಳಲ್ಲಿ ಇದು ನಷ್ಟವೇ. ಪಿಬಿಒ ಮತ್ತು ಕರ್ವ್ ಆಪ್ಟಿಮೈಸರ್ ಬಳಸಿ.

ಪಿಬಿಒ ಎಂದರೆ ಪ್ರೊಸೆಸರ್ ಎಳೆಯಬಹುದಾದ ವಿದ್ಯುತ್ತಿನ ಮಿತಿ ಸಡಿಲಿಸುವುದು. ಎಎಂ4ನಲ್ಲಿ 105 ವ್ಯಾಟ್ ಎಂದು ಬರೆದ ರೈಜನ್‌ನ ನಿಜವಾದ ಮಿತಿ 142 ವ್ಯಾಟ್. ಇದನ್ನು ತೀರಾ ತೆರೆದಿಡಬೇಡಿ, ಕೂಲರ್ ತಾಳುವಷ್ಟೇ ಏರಿಸಿ. ಕರ್ವ್ ಆಪ್ಟಿಮೈಸರ್ ಇದಕ್ಕೆ ಉಲ್ಟಾ, ಪ್ರತಿ ವೇಗಕ್ಕೂ ಕೊಡುವ ವೋಲ್ಟೇಜನ್ನು ಇಳಿಸುತ್ತದೆ. ವೋಲ್ಟೇಜ್ ಇಳಿದರೆ ಬಿಸಿ ಇಳಿಯುತ್ತದೆ. ಬಿಸಿ ಇಳಿದರೆ ರೈಜನ್ ತಾನಾಗಿಯೇ ವೇಗ ಏರಿಸಿಕೊಳ್ಳುತ್ತದೆ. ತಂಪು, ವೇಗ ಎರಡೂ ಒಟ್ಟಿಗೆ ಸಿಗುವ ದಾರಿ ಇದು. ನಮ್ಮ ಕಡೆಗೆ ಹೇಳಿ ಮಾಡಿಸಿದ ಹಾಗಿದೆ.

ಆಲ್ ಕೋರ್, ನೆಗೆಟಿವ್, 10 ಎಂದು ಹಾಕಿ. ಪರೀಕ್ಷಿಸಿ. ಆಮೇಲೆ 15, 20. ರೈಜನ್ 5000ದಲ್ಲಿ 30ರ ತನಕ ಹೋಗಬಹುದು, ಆದರೆ ಎಲ್ಲ ಚಿಪ್ಪೂ ತಾಳುವುದಿಲ್ಲ. ಜೊತೆಗೆ ಥರ್ಮಲ್ ಲಿಮಿಟ್ 85 ಎಂದು ಹಾಕಿಬಿಡಿ. ಏಪ್ರಿಲ್ ಮಧ್ಯಾಹ್ನ ಅದು ತಾನೇ ವೇಗ ಸ್ವಲ್ಪ ತಗ್ಗಿಸಿಕೊಳ್ಳುತ್ತದೆ.

ಎಚ್‌ಡಬ್ಲ್ಯುಇನ್ಫೋದಲ್ಲಿ ಹಗುರ ಕೆಲಸದ ಹೊತ್ತಿಗೆ 1.4 ವೋಲ್ಟ್ ದಾಟಿದ್ದು ಕಂಡು ಹೆದರಬೇಡಿ. ರೈಜನ್ 5000ದಲ್ಲಿ ಒಂದೇ ಕೋರ್ ಏರುವಾಗ ಅದು ಸಹಜ. ಆದರೆ ಆ ಸಂಖ್ಯೆಯನ್ನು ಕೈಯಾರೆ ಸ್ಥಿರವಾಗಿ ಹಾಕಿದರೆ ಚಿಪ್ಪಿಗೆ ಅಪಾಯ. ರೈಜನ್ 7000 ಪೂರ್ತಿ ದುಡಿಯುವಾಗ 95 ಡಿಗ್ರಿ ತನಕ ಹೋಗುವಂತೆಯೇ ಎಎಂಡಿ ಮಾಡಿದೆ. ಅದೂ ದೋಷವಲ್ಲ.

ಹಂತ 7: ನಿಜವಾಗಿ ಸ್ಥಿರವಾಗಿ ಓಡುತ್ತಾ?

ಸಿನಿಬೆಂಚ್ ಪಾಸಾಯಿತೆಂದು ನಿಲ್ಲಿಸಬೇಡಿ. ಅದು ಮೊದಲ ಜರಡಿ ಮಾತ್ರ. ಒಸಿಸಿಟಿ ಎಂಬ ಪ್ರೋಗ್ರಾಂನಲ್ಲಿ ಒಂದು ಗಂಟೆ ಓಡಿಸಿ. ಅದು ಉತ್ತರಗಳನ್ನು ತಾಳೆ ನೋಡಿ, ಲೆಕ್ಕ ತಪ್ಪಿದ ಕೋರ್ ಯಾವುದೆಂದು ಹೇಳುತ್ತದೆ. ಪ್ರೈಮ್95ರ ಸ್ಮಾಲ್ ಎಫ್‌ಎಫ್‌ಟಿ ಪರೀಕ್ಷೆ ಅತಿ ಬಿಸಿ ಮಾಡುತ್ತದೆ. ವಿಡಿಯೋ ರೆಂಡರ್ ಕೂಡ ಅಷ್ಟು ಬಿಸಿ ಮಾಡುವುದಿಲ್ಲ, ಮನೆ ಬಳಕೆಗೆ ಆ ಪರೀಕ್ಷೆ ಬೇಕಿಲ್ಲ.

ಕರ್ವ್ ಆಪ್ಟಿಮೈಸರ್ ಬಳಸಿದವರು ಇದನ್ನು ಗಮನವಿಟ್ಟು ಓದಿ. ಅದರ ತಪ್ಪು ಕಾಣುವುದು ಜೋರು ಕೆಲಸದಲ್ಲಲ್ಲ, ಹಗುರ ಕೆಲಸದಲ್ಲಿ. ಗಂಟೆಗಟ್ಟಲೆ ರೆಂಡರ್ ಮಾಡಿದ ಸಿಸ್ಟಂ ಯೂಟ್ಯೂಬ್ ನೋಡುವಾಗ ತಟ್ಟನೆ ರೀಸ್ಟಾರ್ಟ್ ಆಗುತ್ತದೆ. ಕೋರ್‌ಸೈಕ್ಲರ್ ಎಂಬ ಉಚಿತ ಪ್ರೋಗ್ರಾಂ ಒಂದೊಂದೇ ಕೋರನ್ನು ಸರದಿಯಲ್ಲಿ ಪರೀಕ್ಷಿಸುತ್ತದೆ. ರಾತ್ರಿಯಿಡೀ ಬಿಡಿ. ಯಾವ ಕೋರ್ ತಪ್ಪಿತೋ ಅದಕ್ಕೆ ಮಾತ್ರ 5 ಕಡಿಮೆ ಮಾಡಿ, 20 ಇದ್ದದ್ದು 15.

ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದು ಸಿಸ್ಟಂ ಪಟ್ಟಿಯಲ್ಲಿ ‘ವ್ಹೀ-ಲಾಗರ್’ (WHEA-Logger) ಎಂಬ ಹೆಸರು ಇದೆಯಾ ನೋಡಿ. ಪ್ರೊಸೆಸರ್ ಮಾಡಿದ ತಪ್ಪನ್ನು ತಾನೇ ತಿದ್ದಿಕೊಂಡರೂ ವಿಂಡೋಸ್ ಅಲ್ಲಿ ಬರೆದಿಡುತ್ತದೆ. ಸಿಸ್ಟಂ ನಿಂತಿಲ್ಲ, ಚೆನ್ನಾಗಿಯೇ ಓಡುತ್ತಿದೆ ಅನ್ನಿಸಬಹುದು. ಹೊಸ ಸೆಟ್ಟಿಂಗ್ ನಂತರ ಆ ಹೆಸರು ಕಾಣಿಸಿಕೊಂಡಿದ್ದರೆ ನಂಬಬೇಡಿ, ಒಂದು ಹೆಜ್ಜೆ ಹಿಂದೆ ಬನ್ನಿ. ಇಂಥ ಸಣ್ಣ ತಪ್ಪುಗಳಿಂದಲೇ ಮದುವೆ ವಿಡಿಯೋ ಫೈಲು ಕೆಡುವುದು. ಮದುವೆಯನ್ನು ಮತ್ತೆ ಶೂಟ್ ಮಾಡಲು ಆಗುವುದಿಲ್ಲ ಅಲ್ವಾ? ಪರೀಕ್ಷೆ ನಡೆಯುವ ವಾರ ನಿಮ್ಮ ಕೆಲಸದ ಫೈಲುಗಳ ಪ್ರತಿ ಬೇರೆ ಹಾರ್ಡ್‌ಡಿಸ್ಕ್‌ನಲ್ಲಿ ಇರಲಿ.

ಹಂತ 8: ರ‍್ಯಾಮ್, ಪ್ರೊಫೈಲ್

ಎಲ್ಲ ಸ್ಥಿರವಾದ ಮೇಲೆ ಎಕ್ಸ್‌ಎಂಪಿ ಮತ್ತೆ ಆನ್ ಮಾಡಿ. ರೈಜನ್ 7000 ಬೋರ್ಡಿನಲ್ಲಿ ಅದರ ಹೆಸರು ಎಕ್ಸ್‌ಪೋ. ಮೆಮ್‌ಟೆಸ್ಟ್86ನ್ನು ಪೆನ್‌ಡ್ರೈವ್‌ನಿಂದ ಓಡಿಸಿ. ಒಂದೇ ಒಂದು ತಪ್ಪು ಬಂದರೂ ರ‍್ಯಾಮ್ ವೇಗ ಒಂದು ಹಂತ ಇಳಿಸಿ.

ಬಯೋಸ್‌ನಲ್ಲಿ ಸೆಟ್ಟಿಂಗ್‌ಗಳನ್ನು ಪ್ರೊಫೈಲ್ ಆಗಿ ಉಳಿಸುವ ಜಾಗ ಇರುತ್ತದೆ. ಇಂಟೆಲ್ ಇದ್ದವರು ಎರಡು ಉಳಿಸಿ. ಒಂದು ಈಗ ಹುಡುಕಿದ್ದು, ಇನ್ನೊಂದು ಅದಕ್ಕಿಂತ ಮಲ್ಟಿಪ್ಲೈಯರ್ ಒಂದು ಕಡಿಮೆ ಇರುವುದು. ಮಾರ್ಚ್ ಕೊನೆಯ ವಾರ ಒಂದು ಬಿಸಿ ಮಧ್ಯಾಹ್ನ, ಫ್ಯಾನ್ ಕ್ಲೀನ್ ಮಾಡಿ, ಕೋಣೆಯ ಡಿಗ್ರಿ ಬರೆದುಕೊಂಡು ಸಿನಿಬೆಂಚ್ 10 ನಿಮಿಷ ಓಡಿಸಿ. 85 ದಾಟಿದರೆ ಎರಡನೇ ಪ್ರೊಫೈಲ್ ಹಾಕಿ. ಮಳೆ ಹಿಡಿದ ಮೇಲೆ ಮೊದಲನೆಯದಕ್ಕೆ ವಾಪಸ್ ಬರಬಹುದು. ಬಯೋಸ್ ಅಪ್‌ಡೇಟ್ ಮಾಡಿದರೆ ಈ ಪ್ರೊಫೈಲ್‌ಗಳು ಅಳಿಸಿಹೋಗಬಹುದು, ಹಾಗಾಗಿ ಪ್ರತಿ ಪುಟದ ಫೋಟೋ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ.